ಗಿರಾಕಿಗಳ ಮಾನಿಟರಿನಲ್ಲಿ ಏಜ್ ಆಫ್ ಎಂಪೈರ್ಸ್

ಆಷಾಢದಲ್ಲಿ ಮದುವೆ ಇಲ್ಲ. ಮದುವೆ ಇಲ್ಲದಿದ್ದರೆ ಕಾರ್ಡು ಇಲ್ಲ. ಸೋಮವಾರಪೇಟೆಯಲ್ಲಿ ಡಿಟಿಪಿ ಅಂಗಡಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಕಾರ್ಡು ಮಾಡಿಕೊಡುವ ಅಂಗಡಿ ಇಟ್ಟುಕೊಂಡಿರುವ ನನಗೆ ಜುಲೈ ತಿಂಗಳೆಂದರೆ ಜೆರಾಕ್ಸ್, ಪಹಣಿ ಪ್ರಿಂಟು, ಲ್ಯಾಮಿನೇಷನ್, ಅಷ್ಟೆ. ಈ ಸಲ ಮಳೆ ಹಿಡಿದ ವಾರದಲ್ಲಂತೂ ಅಂಗಡಿಗೆ ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಶಾಂತಳ್ಳಿ ಕಡೆಯಿಂದ ಒಬ್ಬರು ಬಂದು ಕೊಡೆ ಮಡಚಿ ಬಾಗಿಲಿಗೆ ಒರಗಿಸಿದರೆ ಸಾಕು, ಒಳಗೆಲ್ಲ ನೀರು.

ಮಳೆಗೆ ಶಾಲೆಗಳಿಗೆ ರಜೆ ಕೊಟ್ಟಿದ್ದರು. ಅಕ್ಕನ ಆಫೀಸಿಗೆ ರಜೆ ಇರಲಿಲ್ಲ. ಹಾಗಾಗಿ ಬೆಳಿಗ್ಗೆ ಮಗನನ್ನು ನನ್ನ ಅಂಗಡಿಯಲ್ಲಿ ಬಿಟ್ಟು ಹೋದಳು. ಎಂಟನೇ ಕ್ಲಾಸಿನ ಹುಡುಗ. ಅವನ ಕೈಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಹಿಂದಿನ ದಿನ ಅಟ್ಟದಲ್ಲಿ ಸೋರುವ ಜಾಗಕ್ಕೆ ಪಾತ್ರೆ ಇಡಲು ಹತ್ತಿದ್ದಾಗ ಸಿಕ್ಕಿದ್ದಂತೆ. ಒಳಗೆ ನನ್ನ ಹಳೇ ಸಿಡಿಗಳು. ಮೇಲಿನದರಲ್ಲೇ ನನ್ನ ಕೈಬರಹ ಇದ್ದ ಚೀಟಿ: ಏಜ್ ಆಫ್ ಎಂಪೈರ್ಸ್ 2. ಊರು ಕಟ್ಟಿ, ಸೈನ್ಯ ಬೆಳೆಸಿ ಯುದ್ಧ ಮಾಡುವ ಕಂಪ್ಯೂಟರ್ ಗೇಮ್.

"ಮಾವ, ಇದು ಈಗಲೂ ಓಡುತ್ತಾ?"

ಓಡುತ್ತೆ ಎಂದೆ. ಹೇಳುವಾಗ ನನಗೆ ಅನುಮಾನ ಇರಲಿಲ್ಲ. ಅದನ್ನು ಓಡಿಸಲು ಎರಡು ದಿನ ಹಿಡಿಯಿತು. ಆ ಎರಡು ದಿನದಲ್ಲಿ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಹಳೇ ಗೇಮ್ ಹಾಕಿ, ಅದು ತೆರೆಯದೆ, ಸಿಡಿ ಹಾಳಾಗಿದೆ ಎಂದುಕೊಂಡು ಎಸೆಯುವವರು ತುಂಬಾ ಜನ ಇದ್ದಾರೆ. ಎಸೆಯಬೇಡಿ. ಸಿಡಿ ಸರಿಯಾಗಿಯೇ ಇರಬಹುದು, ಗೇಮ್ ಓಡುತ್ತಲೂ ಇರಬಹುದು. ಎಲ್ಲಿ ಓಡುತ್ತಿದೆ ಎಂದು ಗೊತ್ತಾಗುತ್ತಿಲ್ಲ, ಅಷ್ಟೆ.

ಮೊದಲು ಈ ಸಿಡಿಯ ವಿಷಯ. 2002ರಲ್ಲಿ ನಾನು ಕುಶಾಲನಗರದ ಒಂದು ಕಂಪ್ಯೂಟರ್ ಸೆಂಟರಿಗೆ ಡಿಟಿಪಿ ಕಲಿಯಲು ಹೋಗುತ್ತಿದ್ದೆ. ಸಂಜೆ ಕ್ಲಾಸ್ ಮುಗಿದ ಮೇಲೆ ನಾಲ್ಕು ಕಂಪ್ಯೂಟರಿಗೆ ಕೇಬಲ್ ಹಾಕಿ ನಾಲ್ಕು ಜನ ಆಡುತ್ತಿದ್ದೆವು. ಕೊನೇ ಬಸ್ಸಿಗೆ ಹೊತ್ತಾಯಿತು ಎಂದು ಸರ್ ಬಂದು ಕರೆಂಟ್ ಆಫ್ ಮಾಡುವವರೆಗೆ. ನನಗೆ ಸ್ವಂತ ಸಿಡಿ ಕೊಡಿಸಿದ್ದು ಅಕ್ಕ. ಆಗ ಅವಳು ಮೈಸೂರಿನಲ್ಲಿ ಓದುತ್ತಿದ್ದಳು. ರಜೆಗೆ ಬಂದಾಗ ಅವಳೂ ಆಡುತ್ತಿದ್ದಳು, ನನಗಿಂತ ಚೆನ್ನಾಗಿ. ಆಟ ಶುರುವಾದ ಕೂಡಲೇ ನಾನು ಸೈನ್ಯ ಕಟ್ಟುವ ಆತುರದಲ್ಲಿದ್ದರೆ ಅವಳು ಕುದುರೆ ಸವಾರನನ್ನು ಸುತ್ತಲೂ ಓಡಿಸಿ ಕುರಿ ಹುಡುಕುತ್ತಿದ್ದಳು. "ಮೊದಲು ಊಟ, ಆಮೇಲೆ ಯುದ್ಧ" ಎನ್ನುತ್ತಿದ್ದಳು. ಗೆಲ್ಲುತ್ತಿದ್ದುದೂ ಅವಳೇ.

ಈಗ ನನ್ನ ಅಂಗಡಿಯ ಕಂಪ್ಯೂಟರಿಗೆ ಎರಡು ಮಾನಿಟರ್ ಇವೆ. ನನ್ನ ಎದುರು 24 ಇಂಚಿನ ಅಗಲ ಮಾನಿಟರ್, 1920×1080. ಅಂದರೆ ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080 ಪಿಕ್ಸೆಲ್, ಚಿತ್ರದ ಚುಕ್ಕೆಗಳು. ಎಡಗಡೆ, ಕೌಂಟರಿನ ಕಡೆ ತಿರುಗಿಸಿಟ್ಟಿರುವುದು 17 ಇಂಚಿನ ಹಳೇ ಚೌಕದ ಮಾನಿಟರ್, 1280×1024. ಅದು ಗಿರಾಕಿಗಳಿಗೆ. ಮದುವೆ ಕಾರ್ಡಿನ ಪ್ರೂಫನ್ನು ಅವರು ಅದರಲ್ಲಿ ನೋಡುತ್ತಾರೆ. ಹೆಣ್ಣಿನ ತಂದೆಯ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ 500 ಕಾರ್ಡು ಮತ್ತೆ ಹಾಕಬೇಕು. ಆ ಮಾನಿಟರ್ ಬಂದ ಮೇಲೆ ಅಂಥ ತಪ್ಪು ಆಗಿಲ್ಲ. ಅದಕ್ಕೇ ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಕಂಪ್ಯೂಟರಿಗೆ ಸಿಡಿ ಡ್ರೈವ್ ಇಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ಒಂದಿತ್ತು. ಸಿಡಿ ಓದಿತು. ಗೇಮ್ ಇನ್‌ಸ್ಟಾಲ್ ಆಯಿತು. ತೆರೆಯಲು ಹೋದರೆ ಡೈರೆಕ್ಟ್‌ಪ್ಲೇ ಎಂಬ ಭಾಗ ಬೇಕು ಎಂದು ವಿಂಡೋಸ್ ಕೇಳಿತು. ಇದಕ್ಕೆ ಹೆದರಬೇಕಿಲ್ಲ. ಹಳೇ ಗೇಮ್‌ಗಳು ನೆಟ್‌ವರ್ಕಿನಲ್ಲಿ ಆಡಲು ಅದನ್ನು ಬಳಸುತ್ತಿದ್ದವು. ಹೊಸ ವಿಂಡೋಸಿನಲ್ಲಿ ಅದು ಮೊದಲೇ ಆನ್ ಆಗಿರುವುದಿಲ್ಲ. ಒಪ್ಪಿಕೊಂಡರೆ ತಾನೇ ಹಾಕಿಕೊಳ್ಳುತ್ತದೆ. ಇಲ್ಲವೇ ವಿಂಡೋಸ್ ಫೀಚರ್ಸ್ ಪಟ್ಟಿಗೆ ಹೋಗಿ ಲೆಗಸಿ ಕಾಂಪೊನೆಂಟ್ಸ್ ಒಳಗೆ ಟಿಕ್ ಹಾಕಬಹುದು. ನಮ್ಮಲ್ಲಿ ಅಷ್ಟು ಹೊತ್ತಿಗೆ ಮಳೆಗೆ ನೆಟ್ ಹೋಗಿತ್ತು. ಮಧ್ಯಾಹ್ನ ಊಟ ಮುಗಿಸಿ ಬಂದ ಮೇಲೆ ಕೆಲಸ ಮುಂದುವರಿಯಿತು.

ಐಕಾನ್ ಮೇಲೆ ಡಬಲ್ ಕ್ಲಿಕ್ ಮಾಡಿದೆ. ಎರಡೂ ಮಾನಿಟರ್ ಒಮ್ಮೆ ಕಪ್ಪಾದವು. ಮತ್ತೆ ಬೆಳಕು ಬಂತು. ಡೆಸ್ಕ್‌ಟಾಪಿನ ಐಕಾನ್‌ಗಳೆಲ್ಲ ಒಂದು ಮೂಲೆಗೆ ಗುಂಪಾಗಿದ್ದವು. ಗೇಮ್ ಕಾಣುತ್ತಿಲ್ಲ. ಆದರೆ ಸ್ಪೀಕರಿನಿಂದ ಅದೇ ಹಳೇ ಸಂಗೀತ.

"ಮಾವ, ಶಬ್ದ ಬರ್ತಾ ಇದೆ. ಚಿತ್ರ ಎಲ್ಲಿ?"

ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆ. ಗೇಮ್ ತೆರೆಯುತ್ತಿಲ್ಲ ಎಂದು ನಾವು ಹೇಳುವುದರಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ. ಒಂದು, ಅದು ಶುರುವಾಗುತ್ತಲೇ ಇಲ್ಲ. ಇನ್ನೊಂದು, ಶುರುವಾಗಿದೆ, ಆದರೆ ನಮಗೆ ಕಾಣದ ಕಡೆ ಇದೆ. ಎರಡಕ್ಕೂ ಒಂದೇ ಮದ್ದು ಕೊಟ್ಟರೆ ದಿನವೆಲ್ಲ ಹಾಳು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಗೇಮಿನ ಹೆಸರು ಅದರಲ್ಲಿ ಇದ್ದರೆ ಅದು ಬದುಕಿದೆ ಎಂದೇ ಅರ್ಥ. ನಮ್ಮದು ಇತ್ತು.

ಆಮೇಲೆ ನಾನು ಮಾಡಿದ ಕೆಲಸ ಒಂದೇ. ಗೇಮ್ ಮುಚ್ಚಿ, ವಿಂಡೋಸ್ ಕೀ ಜೊತೆ ಪಿ ಒತ್ತಿದೆ. ಪಕ್ಕದಲ್ಲಿ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಮೊದಲನೆಯದು, ಪಿಸಿ ಸ್ಕ್ರೀನ್ ಮಾತ್ರ. ಅದನ್ನು ಆರಿಸಿದರೆ ಎರಡನೇ ಮಾನಿಟರ್ ಆಫ್ ಆಗುತ್ತದೆ. ವೈರ್ ಕೀಳಬೇಕಾಗಿಲ್ಲ. ಮತ್ತೆ ಗೇಮ್ ತೆರೆದೆ. ಬಂತು. ಮೆನು ಬಂತು, ಚಿತ್ರ ಬಂತು. ಹುಡುಗ ಕುರ್ಚಿಯಿಂದ ಎದ್ದು ನಿಂತ.

ಗೇಮ್ ಹಠ ಮಾಡಿದರೆ ಯಾರೇ ಆಗಲಿ ಮೊದಲು ಇದನ್ನೇ ಮಾಡಬೇಕು. ಡ್ರೈವರ್ ಅಪ್‌ಡೇಟ್, ರಿಜಿಸ್ಟ್ರಿ, ಎಲ್ಲಿಂದಲೋ ಇಳಿಸಿದ ಪ್ಯಾಚ್, ಇದೆಲ್ಲಕ್ಕಿಂತ ಮುಂಚೆ ಒಂದು ಮಾನಿಟರಿನಲ್ಲಿ ನೋಡಿ. ಅಲ್ಲಿ ಓಡಿದರೆ ಗೇಮ್ ಗಟ್ಟಿಯಾಗಿದೆ, ತೊಂದರೆ ಇರುವುದು ಮಾನಿಟರಿನ ಜೋಡಣೆಯಲ್ಲಿ. ಒಂದರಲ್ಲೂ ಓಡದಿದ್ದರೆ ಬೇರೆ ಕಡೆ ಹುಡುಕಬೇಕು. ಒಂದೇ ನಿಮಿಷದಲ್ಲಿ ಅರ್ಧ ದಾರಿ ಮುಗಿಯುತ್ತದೆ.

ಸುಮ್ನೆ ಹಾಗೇ ಆಡಬಹುದಿತ್ತು ಅಲ್ವಾ? ಆಡಬಹುದಿತ್ತು. ಆದರೆ ಅಂಗಡಿ ತೆರೆದಿತ್ತು. ಯಾರಾದರೂ ಪ್ರೂಫ್ ನೋಡಲು ಬಂದರೆ ಪ್ರತಿ ಸಲ ಆಟ ನಿಲ್ಲಿಸಿ ಮಾನಿಟರ್ ಆನ್ ಮಾಡಬೇಕು. ಅದಕ್ಕಿಂತ ಹೆಚ್ಚಾಗಿ, ಯಾಕೆ ಹೀಗಾಯಿತು ಎಂದು ಹುಡುಗ ಕೇಳಿದ್ದ. ಅವನಿಗೆ ಉತ್ತರ ಕೊಡದೆ ಬಿಡುವುದು ನನಗೆ ಇಷ್ಟ ಇರಲಿಲ್ಲ.

ಬಿಲ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದೆ. ಎರಡು ಮಾನಿಟರ್ ಹಾಕಿದರೂ ವಿಂಡೋಸಿಗೆ ಅದು ಒಂದೇ ದೊಡ್ಡ ಬಯಲು. ಮುಖ್ಯ ಮಾನಿಟರಿನ ಎಡ ಮೇಲ್ತುದಿ ಸೊನ್ನೆ, ಸೊನ್ನೆ. ಅಲ್ಲಿಂದ ಬಲಕ್ಕೆ ಹೋದರೆ ಲೆಕ್ಕ ಏರುತ್ತದೆ: 1, 2, 3 ಎಂದು 1919ರವರೆಗೆ. ನನ್ನ ಎರಡನೇ ಮಾನಿಟರ್ ಇರುವುದು ಎಡಗಡೆ. ಅಂದರೆ ಅದರ ಲೆಕ್ಕ ಸೊನ್ನೆಗಿಂತ ಕೆಳಗೆ. ಅದು ಮೈನಸ್ 1280ರಿಂದ ಶುರುವಾಗಿ ಮೈನಸ್ 1ಕ್ಕೆ ಮುಗಿಯುತ್ತದೆ. ಈ ಗೇಮ್ ಬಂದದ್ದು 1999ರಲ್ಲಿ. ಎರಡು ಮಾನಿಟರ್ ಹಾಕುವ ಅನುಕೂಲ ವಿಂಡೋಸ್ 98ರಲ್ಲೇ ಇತ್ತು, ನಿಜ. ಆದರೆ ಮನೆಯಲ್ಲಿ ಗೇಮ್ ಆಡುವವರ ಹತ್ತಿರ ಎರಡು ಮಾನಿಟರ್ ಇರುತ್ತಿದ್ದುದು ತೀರಾ ಅಪರೂಪ. ಆ ಕಾಲದ ಎಷ್ಟೋ ಗೇಮ್‌ಗಳನ್ನು ಬರೆದದ್ದು ಒಂದೇ ಸ್ಕ್ರೀನ್ ಇದೆ, ಅದು ಸೊನ್ನೆಯಿಂದ ಶುರುವಾಗುತ್ತದೆ ಎಂಬ ಲೆಕ್ಕದಲ್ಲಿ.

ಇನ್ನೊಂದು ವಿಷಯ, ಹಳೇ ಗೇಮ್‌ಗಳು ಇಡೀ ಸ್ಕ್ರೀನನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತವೆ. ರೆಸಲ್ಯೂಷನನ್ನೇ ಬದಲಿಸಿ 800×600 ಅಥವಾ 1024×768 ಮಾಡಿಬಿಡುತ್ತವೆ. ಐಕಾನ್‌ಗಳು ಮೂಲೆ ಸೇರಿದ್ದು ಅದಕ್ಕೇ. ಆ ಹೊತ್ತಿನಲ್ಲಿ ಗಮನ ಬೇರೆ ಪ್ರೋಗ್ರಾಮಿಗೆ ಹೋಯಿತೋ, ಗೇಮ್ ತಾನಾಗಿ ಕೆಳಗೆ ಇಳಿದು ಟಾಸ್ಕ್‌ಬಾರಿನಲ್ಲಿ ಕೂರುತ್ತದೆ. ನನ್ನ ಎಡ ಮಾನಿಟರಿನಲ್ಲಿ ನಾನು ಕಾರ್ಡು ಮಾಡುವ ಪ್ರೋಗ್ರಾಂ, ಕೋರಲ್ ಡ್ರಾ ತೆರೆದೇ ಇತ್ತು. ರೆಸಲ್ಯೂಷನ್ ಬದಲಾದ ಗಲಾಟೆಯಲ್ಲಿ ಗಮನ ಅದಕ್ಕೆ ಹೋಗಿತ್ತು. ಸಂಗೀತ ಮಾತ್ರ ಉಳಿದಿತ್ತು.

ಕೋರಲ್ ಡ್ರಾ ಮುಚ್ಚಿ, ಎರಡೂ ಮಾನಿಟರ್ ಆನ್ ಇಟ್ಟು ಮತ್ತೆ ತೆರೆದೆವು. ಈ ಸಲ ಗೇಮ್ ನನ್ನ ಎದುರಿನ ಮಾನಿಟರಿನಲ್ಲಿ ನಿಂತಿತು. ಹುಡುಗ ಮೌಸ್ ಹಿಡಿದ. ಈ ಆಟದಲ್ಲಿ ನಕ್ಷೆಯ ಬೇರೆ ಭಾಗ ನೋಡಬೇಕಾದರೆ ಮೌಸನ್ನು ಸ್ಕ್ರೀನಿನ ಅಂಚಿಗೆ ಒತ್ತಿ ಹಿಡಿಯಬೇಕು. ಬಲಕ್ಕೆ ಒತ್ತಿದ, ನಕ್ಷೆ ಸರಿಯಿತು. ಮೇಲೆ, ಕೆಳಗೆ, ಎಲ್ಲ ಸರಿ. ಎಡಕ್ಕೆ ಒತ್ತಿದ. ಮೌಸ್ ಅಂಚು ದಾಟಿ ಪಕ್ಕದ ಮಾನಿಟರಿಗೆ ಹೋಗಿಬಿಟ್ಟಿತು. ಅಲ್ಲಿ ಒಂದು ಕ್ಲಿಕ್ ಬಿತ್ತು. ಗೇಮ್ ಮತ್ತೆ ಮಾಯ.

ಅಂಚು ಇದ್ದರೆ ತಾನೇ ಒತ್ತುವುದು? ಎಡಗಡೆ ಅಂಚೇ ಇರಲಿಲ್ಲ. ಬೇಲಿ ಇಲ್ಲದ ಕಡೆ ದನ ಪಕ್ಕದ ತೋಟಕ್ಕೆ ನುಗ್ಗಿದ ಹಾಗೆ ಆಗಿತ್ತು. ಬೇಲಿ ಹಾಕುವ ಉಪಾಯ ಹುಡುಕಬೇಕಿತ್ತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಹತ್ತು ನಿಮಿಷ ಎಳೆಯಿತು, ಆಮೇಲೆ ಅದೂ ಮುಗಿಯಿತು. ಅವತ್ತಿನ ಕೆಲಸ ಅಲ್ಲಿಗೆ ನಿಂತಿತು. ಮಳೆ ಶಬ್ದಕ್ಕೆ ಮಾತು ಕೇಳಿಸುತ್ತಿರಲಿಲ್ಲ. ಕತ್ತಲಲ್ಲಿ ಕೂತು ಹುಡುಗನಿಗೆ ಇದೇ ಗೇಮಿನ ಇನ್ನೊಂದು ಕಥೆ ಹೇಳಿದೆ.

2011ರಲ್ಲಿ ಅಂಗಡಿಗೆ ವಿಂಡೋಸ್ 7 ಇದ್ದ ಕಂಪ್ಯೂಟರ್ ತಂದಿದ್ದೆ. ಆಗಲೂ ಈ ಗೇಮ್ ಹಾಕಿದ್ದೆ. ಓಡಿತು. ಆದರೆ ಬಣ್ಣ ಕೆಟ್ಟಿತ್ತು. ನೀಲಿ ನೀರೆಲ್ಲ ಗಾಢ ನೇರಳೆ. ನಮ್ಮಲ್ಲಿ ಆಗಸ್ಟ್ 3ರ ಹೊತ್ತಿಗೆ ಆಟಿ ತಿಂಗಳ 18ನೇ ದಿನ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರಲ್ಲ, ಥೇಟ್ ಆ ಬಣ್ಣ. ಹುಲ್ಲಿನ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ. ಗ್ರಾಫಿಕ್ಸ್ ಕಾರ್ಡ್ ಹೋಯಿತು ಎಂದು ನಾನು ಹೆದರಿದ್ದೆ.

ಕಾರಣ ಬೇರೆ ಇತ್ತು. ಈ ಗೇಮ್ ಬಳಸುವುದು ಒಟ್ಟು 256 ಬಣ್ಣ. ಬಣ್ಣಗಳದ್ದೊಂದು ಪಟ್ಟಿ ಇರುತ್ತದೆ. ಯಾವ ಪಿಕ್ಸೆಲಿನಲ್ಲೂ ಬಣ್ಣವೇ ಇರುವುದಿಲ್ಲ, ಪಟ್ಟಿಯಲ್ಲಿ ಎಷ್ಟನೇ ಬಣ್ಣ ಎಂಬ ಸಂಖ್ಯೆ ಮಾತ್ರ ಇರುತ್ತದೆ. ಆ ಪಟ್ಟಿ ಇಡೀ ಸ್ಕ್ರೀನಿಗೆ ಒಂದೇ. ಗೇಮ್ ತನ್ನ ಪಟ್ಟಿ ಹಾಕಿಕೊಂಡ ಮೇಲೆ, ಹಿಂದೆ ಓಡುತ್ತಿರುವ ವಿಂಡೋಸಿನ ಡೆಸ್ಕ್‌ಟಾಪ್ ಅದರಲ್ಲಿ ಕೆಲವು ಬಣ್ಣಗಳನ್ನು ತನಗೆ ಬೇಕಾದ ಹಾಗೆ ಬದಲಿಸುತ್ತಿತ್ತು. ಸಂಖ್ಯೆ ಅದೇ, ಬಣ್ಣ ಬೇರೆ. ಅದಕ್ಕೆ ಆಗ ಜನ ಕಂಡುಕೊಂಡ ಉಪಾಯ ಕೇಳಿದರೆ ನಂಬುವುದು ಕಷ್ಟ. ಡೆಸ್ಕ್‌ಟಾಪಿನಲ್ಲಿ ರೈಟ್ ಕ್ಲಿಕ್ ಮಾಡಿ ಸ್ಕ್ರೀನ್ ರೆಸಲ್ಯೂಷನ್ ಕಿಟಕಿ ತೆರೆದಿಟ್ಟು, ಅದನ್ನು ಮುಚ್ಚದೆ ಗೇಮ್ ಶುರು ಮಾಡುವುದು. ಬಣ್ಣ ಸರಿಯಾಗುತ್ತಿತ್ತು! ನಾನು ತಿಂಗಳುಗಟ್ಟಲೆ ಹಾಗೇ ಆಡಿದ್ದೇನೆ. ವಿಂಡೋಸ್ 8ರಿಂದ ಈಚೆಗೆ 256 ಬಣ್ಣದ ಮೋಡನ್ನು ಒಳಗೊಳಗೇ ನಕಲು ಮಾಡಿ ತೋರಿಸುವ ವ್ಯವಸ್ಥೆ ಬಂತು. ಪ್ರಾಪರ್ಟೀಸ್ ಒಳಗಿನ ಕಂಪ್ಯಾಟಿಬಿಲಿಟಿ ಟ್ಯಾಬಿನಲ್ಲಿ ಕಡಿಮೆ ಬಣ್ಣದ ಮೋಡ್ ಎಂಬ ಆಯ್ಕೆಯೂ ಇದೆ. ಬೇರೆ 256 ಬಣ್ಣದ ಗೇಮ್ ಏನಾದರೂ ತೆರೆಯದಿದ್ದರೆ ಅದನ್ನು ಟಿಕ್ ಮಾಡಿ ನೋಡಬೇಕು.

ಮರುದಿನವೂ ಶಾಲೆಗೆ ರಜೆ. ಹುಡುಗ ಒಂಬತ್ತಕ್ಕೇ ಬಂದ. ಬಿಲ್ ಬುಕ್ಕಿನ ಹಾಳೆಯಲ್ಲಿ ಅವನೇ ಗೆರೆ ಹಾಕಿ ಎರಡು ಕಾಲಂ ಮಾಡಿದ್ದ: ಏನು ಬದಲಿಸಿದ್ದು, ಏನಾಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ನಾನು ಹೇಳಿದ್ದೆ. ಮೂರು ಕಡೆ ಒಟ್ಟಿಗೆ ಟಿಕ್ ಹಾಕಿ, ಗೇಮ್ ಓಡಿದರೆ ಯಾವುದರಿಂದ ಓಡಿತು ಎಂದು ಗೊತ್ತಾಗುವುದಿಲ್ಲ. ಓಡದಿದ್ದರೆ ಇನ್ನೂ ಕಷ್ಟ. ಒಂದು ಸರಿ ಮಾಡಿದ್ದನ್ನು ಇನ್ನೊಂದು ಕೆಡಿಸಿರಬಹುದು.

ಅವತ್ತು ಮೊದಲು ಸಿಕ್ಕಿದ್ದು ಇನ್ನೊಂದು ಸಣ್ಣ ತೊಡಕು. ಅಗಲ ಮಾನಿಟರಿನಲ್ಲಿ ಅಕ್ಷರ ದೊಡ್ಡದಾಗಿ ಕಾಣಲಿ ಎಂದು ನಾನು ಸ್ಕೇಲಿಂಗ್ 125 ಪರ್ಸೆಂಟ್ ಇಟ್ಟಿದ್ದೇನೆ. ಹಗಲೆಲ್ಲ ಕನ್ನಡ ಟೈಪ್ ಮಾಡುವವರಿಗೆ ಅದು ಬೇಕು. ಆದರೆ ಹಳೇ ಪ್ರೋಗ್ರಾಮಿಗೆ ಸ್ಕೇಲಿಂಗ್ ಎಂದರೆ ಗೊತ್ತಿಲ್ಲ. ಆಗ ವಿಂಡೋಸ್ ಅದಕ್ಕೆ ಸ್ಕ್ರೀನಿನ ಅಳತೆಯನ್ನೇ ಬೇರೆ ಹೇಳುತ್ತದೆ. 1920ನ್ನು 1.25ರಿಂದ ಭಾಗಿಸಿದರೆ 1536, 1080ನ್ನು ಭಾಗಿಸಿದರೆ 864. ನಿಜವಾದ ಸ್ಕ್ರೀನ್ ಒಂದು ಅಳತೆ, ಗೇಮ್ ನಂಬಿರುವುದು ಇನ್ನೊಂದು. ಮೌಸ್ ಒಂದು ಕಡೆ, ಕ್ಲಿಕ್ ಇನ್ನೊಂದು ಕಡೆ ಬೀಳುವುದು, ಚಿತ್ರದ ಒಂದು ಮೂಲೆ ಮಾತ್ರ ಕಾಣುವುದು, ಇವಕ್ಕೆಲ್ಲ ಎಷ್ಟೋ ಸಲ ಇದೇ ಕಾರಣ. ಗೇಮಿನ ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಹೈ ಡಿಪಿಐ ಸೆಟ್ಟಿಂಗ್ಸ್. ಅಲ್ಲಿ ಸ್ಕೇಲಿಂಗನ್ನು ಅಪ್ಲಿಕೇಷನ್ ನೋಡಿಕೊಳ್ಳಲಿ ಎಂದು ಆರಿಸಿದರೆ ಸರಿಯಾಗುತ್ತದೆ. ಎರಡು ಮಾನಿಟರಿಗೆ ಬೇರೆ ಬೇರೆ ಸ್ಕೇಲಿಂಗ್ ಇದ್ದವರಂತೂ ಇದನ್ನು ಮರೆಯಬಾರದು.

ಬೇಲಿಗೆ ಬರೋಣ. ನಾನು ಬಳಸಿದ್ದು ಸಿಎನ್‌ಸಿ-ಡಿಡ್ರಾ ಎಂಬ ಪುಟ್ಟ ಪ್ರೋಗ್ರಾಂ. ಹಳೇ ಗೇಮ್‌ಗಳು ಚಿತ್ರ ಬರೆಯಲು ಡೈರೆಕ್ಟ್‌ಡ್ರಾ ಎಂಬುದನ್ನು ಕೇಳುತ್ತಿದ್ದವು. ಗೇಮ್ ಕೇಳಿದಾಗ ವಿಂಡೋಸ್ ಮೊದಲು ಆ ಗೇಮಿನ ಸ್ವಂತ ಫೋಲ್ಡರಿನಲ್ಲಿ ಹುಡುಕುತ್ತದೆ. ಅಲ್ಲಿ ನಾವು ಅದೇ ಹೆಸರಿನ ಬೇರೆ ಫೈಲ್ ಇಟ್ಟರೆ ಅದನ್ನೇ ತೆಗೆದುಕೊಳ್ಳುತ್ತದೆ. ಈ ಫೈಲ್ ಗೇಮಿನ ಹಳೇ ಮಾತನ್ನು ಕೇಳಿಸಿಕೊಂಡು ಈಗಿನ ಗ್ರಾಫಿಕ್ಸ್ ಕಾರ್ಡಿಗೆ ಅರ್ಥವಾಗುವ ಹಾಗೆ ಹೇಳುತ್ತದೆ. ಗೇಮಿಗೆ ಏನೂ ಗೊತ್ತಾಗುವುದಿಲ್ಲ. ರೆಸಲ್ಯೂಷನ್ ಬದಲಾಯಿತು ಎಂದೇ ಅದು ತಿಳಿದಿರುತ್ತದೆ. ನಿಜದಲ್ಲಿ ಡೆಸ್ಕ್‌ಟಾಪ್ ಹಾಗೇ ಇರುತ್ತದೆ, ಐಕಾನ್‌ಗಳು ಕದಲುವುದಿಲ್ಲ.

ಇದರ ಜೊತೆಗೇ ಸೆಟ್ಟಿಂಗ್ಸ್ ಬದಲಿಸುವ ಪ್ರೋಗ್ರಾಂ ಕೂಡ ಬರುತ್ತದೆ. ಅದರಲ್ಲಿ ಅಂಚಿಲ್ಲದ ಫುಲ್ ಸ್ಕ್ರೀನ್ ಆರಿಸಿದೆ. ಚಿತ್ರದ ಅಗಲ ಎತ್ತರದ ಪ್ರಮಾಣ ಕೆಡದಿರಲಿ ಎಂದು ಇನ್ನೊಂದು ಟಿಕ್. ಇಲ್ಲದಿದ್ದರೆ 1024×768ರ ಚಿತ್ರವನ್ನು ಅಗಲ ಮಾನಿಟರಿಗೆ ಎಳೆದು ಹಾಕಿ ಜನರೆಲ್ಲ ದಪ್ಪಗೆ ಕಾಣುತ್ತಾರೆ. ಮೌಸನ್ನು ಇದು ಗೇಮಿನ ಒಳಗೇ ಹಿಡಿದಿಡುತ್ತದೆ. ಹೊರಗೆ ಬರಬೇಕಾದರೆ ಕಂಟ್ರೋಲ್ ಜೊತೆ ಟ್ಯಾಬ್. ನಮಗೆ ಬೇಕಾದ ಬೇಲಿ ಅದೇ. ಕೆಲವರಿಗೆ ಡಿಎಕ್ಸ್‌ವಿಂಡ್ ಎಂಬ ಇನ್ನೊಂದು ಪ್ರೋಗ್ರಾಂ ಇಷ್ಟ. ಅದರಲ್ಲಿ ಆಯ್ಕೆಗಳು ಜಾಸ್ತಿ, ಕಲಿಯಲು ಹೊತ್ತೂ ಜಾಸ್ತಿ. ಯಾವುದಾದರೂ ಸರಿ, ಅದನ್ನು ಬರೆದವರ ಸ್ವಂತ ಪುಟದಿಂದಲೇ ಇಳಿಸಿಕೊಳ್ಳಿ. ಗೇಮ್ ಸರಿ ಮಾಡಲು ಹೋಗಿ ಅಂಗಡಿಯ ಲೆಕ್ಕಪತ್ರ ಇರುವ ಕಂಪ್ಯೂಟರಿಗೆ ವೈರಸ್ ತಂದುಕೊಳ್ಳಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ.

ಮಧ್ಯೆ ಗೋಣಿಕೊಪ್ಪ ಹತ್ತಿರದ ತೋಟವೊಂದರಲ್ಲಿ ರೈಟರ್, ಅಂದರೆ ತೋಟದ ಕೆಲಸ ನೋಡಿಕೊಳ್ಳುವವನಾಗಿರುವ ಗೆಳೆಯನ ಫೋನ್ ಬಂತು. ಏನು ಮಾಡುತ್ತಿದ್ದೀಯ ಎಂದ, ಹೇಳಿದೆ. ಅವನದೂ ಇಂಥದ್ದೇ ಕಥೆ. ಅವನು ಆಡುವುದು 2003ರಲ್ಲಿ ಕಂಪ್ಯೂಟರಿಗೆ ಬಂದ ಜಿಟಿಎ ವೈಸ್ ಸಿಟಿ. ತೋಟದ ಆಫೀಸಿನಲ್ಲಿ ಲ್ಯಾಪ್‌ಟಾಪಿಗೆ ದೊಡ್ಡ ಮಾನಿಟರ್ ಹಾಕಿದ್ದಾಗ ಚೆನ್ನಾಗಿ ಓಡಿತ್ತಂತೆ. ಲ್ಯಾಪ್‌ಟಾಪನ್ನು ಮನೆಗೆ ಒಯ್ದರೆ ಶುರುವಾಗುತ್ತಲೇ ಇಲ್ಲ. ಇದು ಮೊದಲನೇ ಕಾಯಿಲೆ. ಆ ಗೇಮ್ ಹಿಂದಿನ ಸಲ ಆರಿಸಿದ ವಿಡಿಯೋ ಮೋಡನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಡಾಕ್ಯುಮೆಂಟ್ಸ್ ಒಳಗೆ ಅದರದ್ದೇ ಫೋಲ್ಡರ್ ಇದೆ. ಅಲ್ಲಿ ಡಾಟ್ ಸೆಟ್ ಎಂದು ಮುಗಿಯುವ ಫೈಲ್ ಅದು. ಮಾನಿಟರ್ ಬದಲಾದರೆ ಆ ಹಳೇ ಮೋಡ್ ಸಿಗುವುದಿಲ್ಲ. ಆ ಫೈಲನ್ನು ಬೇರೆ ಕಡೆ ಇಟ್ಟು ಮತ್ತೆ ತೆರೆ ಎಂದೆ. ಆಟ ಸೇವ್ ಮಾಡಿದ ಫೈಲ್‌ಗಳನ್ನು ಮಾತ್ರ ಮುಟ್ಟಬೇಡ ಎಂದೂ ಹೇಳಿದೆ. ಐದು ನಿಮಿಷಕ್ಕೆ ಮೆಸೇಜ್ ಬಂತು, ಓಡಿತು ಎಂದು. 640×480 ವಿಡಿಯೋ ಮೋಡ್ ಸಿಗುತ್ತಿಲ್ಲ ಎಂದು ಅದೇ ಗೇಮ್ ಹೇಳುವುದೂ ಉಂಟು. ಆಗ ಕಂಪ್ಯಾಟಿಬಿಲಿಟಿ ಟ್ಯಾಬಿನಲ್ಲಿ 640×480ರ ಮುಂದೆ ಟಿಕ್ ಹಾಕಿ ನೋಡುವುದು.

ಮಾನಿಟರಿಗೂ ತೆರೆಯದಿರುವುದಕ್ಕೂ ಸಂಬಂಧವೇ ಇಲ್ಲದ ಗೇಮ್‌ಗಳೂ ಇವೆ. ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಸುಮ್ನೆ ವೈರ್ ಕಿತ್ತು ಹಾಕುತ್ತಾ ಕೂರುತ್ತೀರಿ. ಆ ಕಾಲದ ಎಷ್ಟೋ ಸಿಡಿಗಳಲ್ಲಿ ಸೇಫ್‌ಡಿಸ್ಕ್ ಎಂಬ ಕಾವಲು ಇತ್ತು. ಸಿಡಿ ಅಸಲಿಯೋ ನಕಲಿಯೋ ಎಂದು ನೋಡುವುದು ಅದರ ಕೆಲಸ. ಅದಕ್ಕೆ ಬೇಕಾದ ಡ್ರೈವರಿನಲ್ಲಿ ಭದ್ರತೆಯ ತೊಂದರೆ ಇತ್ತು. ಹಾಗಾಗಿ 2015ರಲ್ಲಿ ಬಂದ ವಿಂಡೋಸ್ 10 ಅದನ್ನು ಓಡಿಸುವುದಿಲ್ಲ. ಅಂಥ ಸಿಡಿ ಹಾಕಿದರೆ ಸಿಡಿ ತಿರುಗುತ್ತದೆ, ಗೇಮ್ ಬರುವುದಿಲ್ಲ. ಅದಕ್ಕೆ ದಾರಿ, ಅದೇ ಗೇಮನ್ನು ಈಗಿನ ಕಂಪ್ಯೂಟರಿಗೆ ಹೊಂದಿಸಿ ಮಾರುವ ಕಡೆ ಮತ್ತೆ ಕೊಳ್ಳುವುದು. ಜಿಒಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಹಳೇ ಗೇಮ್‌ಗಳು ತುಂಬಾ ಇವೆ. ಇನ್ನು ಕೆಲವು ಸಿಡಿಗಳಲ್ಲಿ ಗೇಮ್ ಸರಿಯಿದ್ದರೂ ಅದನ್ನು ಇನ್‌ಸ್ಟಾಲ್ ಮಾಡುವ ಪ್ರೋಗ್ರಾಂ ತೀರಾ ಹಳೇ ಮಾದರಿಯ 16 ಬಿಟ್‌ನದ್ದು. 64 ಬಿಟ್ ವಿಂಡೋಸಿನಲ್ಲಿ 16 ಬಿಟ್ ಪ್ರೋಗ್ರಾಂ ಓಡುವುದೇ ಇಲ್ಲ.

ವಿಂಡೋಸಿಗೂ ಹಿಂದಿನ ಡಾಸ್ ಕಾಲದ ಗೇಮ್‌ಗಳಾದ ಪ್ರಿನ್ಸ್ ಆಫ್ ಪರ್ಶಿಯಾ, ಡೇವ್ ಇವು ಓಡದಿರುವುದಕ್ಕೂ ಅದೇ ಕಾರಣ. ಅವನ್ನು ಓಡಿಸಲು ಡಾಸ್‌ಬಾಕ್ಸ್ ಎಂಬ ಪ್ರೋಗ್ರಾಂ ಇದೆ, ಅದೊಂದು ಬೇರೆಯೇ ಪ್ರಪಂಚ. ಒಂದು ಮಾತು ಮಾತ್ರ. ಆ ಗೇಮ್‌ಗಳ ಚಿತ್ರ 320×200. ಹಾಗೇ ತೋರಿಸಿದರೆ ಎಲ್ಲ ಕುಳ್ಳಗೆ ಕಾಣುತ್ತದೆ. ಆ ಕಾಲದ ಮಾನಿಟರ್ ಅದನ್ನು ಮೇಲಕ್ಕೆ ಎಳೆದು 4:3ಕ್ಕೆ ತರುತ್ತಿತ್ತು. ಡಾಸ್‌ಬಾಕ್ಸಿನ ಸೆಟ್ಟಿಂಗ್ಸ್ ಫೈಲಿನಲ್ಲಿ ಆಸ್ಪೆಕ್ಟ್ ಎಂಬುದನ್ನು ಟ್ರೂ ಮಾಡಿದರೆ ರಾಜಕುಮಾರನ ಎತ್ತರ ಸರಿಯಾಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ನಮ್ಮ ಏಜ್ ಆಫ್ ಎಂಪೈರ್ಸ್ ಅಗಲ ಮಾನಿಟರಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಎಡ ಬಲ ಎರಡು ಕಪ್ಪು ಪಟ್ಟಿ, ಮಧ್ಯೆ ಆಟ. ಎಡ ಅಂಚು ಗಟ್ಟಿಯಾಗಿ ನಿಂತಿತ್ತು. ಹುಡುಗನಿಗೆ ಅಷ್ಟೇ ಸಾಕಾಗಿತ್ತು. ನನಗೆ ಸಾಕಾಗಲಿಲ್ಲ. ಚಿತ್ರ ಸ್ವಲ್ಪ ಮಂಜು ಮಂಜಾಗಿತ್ತು. 768 ಗೆರೆಯ ಚಿತ್ರವನ್ನು 1080 ಗೆರೆಗೆ ಎಳೆದರೆ ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಪತ್ರಿಕೆಯ ಅಕ್ಷರದ ಅಂಚು ನೋಡಿ ನೋಡಿ ಅಭ್ಯಾಸವಾದ ಕಣ್ಣಿಗೆ ಅದು ಎದ್ದು ಕಾಣುತ್ತಿತ್ತು.

ಆಗ ನನ್ನ ಗಮನ ಎಡಕ್ಕೆ ಹೋಯಿತು. ಗಿರಾಕಿಗಳ ಮಾನಿಟರ್ 1280×1024. ಈ ಗೇಮಿನ ಒಳಗಿನ ಆಯ್ಕೆಗಳು ಮೂರು: 800×600, 1024×768, ಮೂರನೆಯದು 1280×1024. ಒಂದು ಪಿಕ್ಸೆಲಿಗೆ ಒಂದು ಪಿಕ್ಸೆಲ್, ಎಲ್ಲೂ ಎಳೆಯಬೇಕಾಗಿಲ್ಲ. ಇಷ್ಟು ವರ್ಷ ಬೇರೆಯವರ ಮದುವೆ ಕಾರ್ಡು ತೋರಿಸುತ್ತಿದ್ದ ಮಾನಿಟರ್ ಈ ಗೇಮಿಗೆ ಹೇಳಿ ಮಾಡಿಸಿದ ಹಾಗಿತ್ತು.

ಡಿಸ್‌ಪ್ಲೇ ಸೆಟ್ಟಿಂಗ್ಸಿಗೆ ಹೋದೆ. ಅಲ್ಲಿ ಎರಡು ಮಾನಿಟರ್‌ಗಳ ಚಿತ್ರ ಇರುತ್ತದೆ. ಎಡದ್ದನ್ನು ಆರಿಸಿ, ಇದೇ ನನ್ನ ಮುಖ್ಯ ಡಿಸ್‌ಪ್ಲೇ ಎಂದು ಟಿಕ್ ಹಾಕಿದೆ. ಟಾಸ್ಕ್‌ಬಾರ್ ಅಲ್ಲಿಗೆ ಹೋಯಿತು. ಈಗ ಸೊನ್ನೆ ಸೊನ್ನೆ ಇರುವುದು ಚೌಕದ ಮಾನಿಟರಿನ ಮೂಲೆಯಲ್ಲಿ. ಅಗಲ ಮಾನಿಟರ್ ಅದರ ಬಲಕ್ಕೆ, 1280ರಿಂದ ಶುರು. ಮೈನಸ್ ಲೆಕ್ಕವೇ ಇಲ್ಲ. ಹುಡುಗ ತನ್ನ ಹಾಳೆಯಲ್ಲಿ ಮೈನಸ್ 1280 ಎಂದು ಇದ್ದುದನ್ನು ಹೊಡೆದು ಹಾಕಿದ.

ಗೇಮ್ ತೆರೆದೆವು. ಒಳಗೆ ಹೋಗಿ 1280×1024 ಆರಿಸಿದೆವು. ಮನೆಗಳ ಹೆಂಚು, ಮರದ ಎಲೆ, ಸೌದೆ ಕಡಿಯುವವನ ಕೊಡಲಿ, ಎಲ್ಲ ಚೂಪಾಗಿ ಕಂಡವು. ಕಪ್ಪು ಪಟ್ಟಿ ಇಲ್ಲ. ಹುಡುಗ ಕುರ್ಚಿ ಎತ್ತಿಕೊಂಡು ಕೌಂಟರಿನ ಆಚೆ ಹೋಗಿ ಕುಳಿತ. ನನ್ನ ಎದುರಿನ ಅಗಲ ಮಾನಿಟರಿನಲ್ಲಿ ಕೋರಲ್ ಡ್ರಾ ತೆರೆದುಕೊಂಡೆ. ಶ್ರಾವಣಕ್ಕೆ ಎರಡು ಕಾರ್ಡಿನ ಆರ್ಡರ್ ಬಂದಿತ್ತು. ಕಂಪ್ಯೂಟರಿಗೆ ಇರುವುದು ಒಂದೇ ಮೌಸ್, ಹಾಗಾಗಿ ಅವನು ಆಡುವಾಗ ನಾನು ಕಾಗದದ ಮೇಲೆ ಪ್ರೂಫ್ ತಿದ್ದಿದೆ. ನನಗೆ ಮೌಸ್ ಬೇಕಾದಾಗ ಅವನು ಎಫ್ 3 ಒತ್ತಿ ಆಟ ನಿಲ್ಲಿಸಿ ಕೊಡುತ್ತಿದ್ದ.

ಐದೂವರೆಗೆ ಅಕ್ಕ ಬಂದಳು. ಕೊಡೆ ಮಡಚಿ ಬಾಗಿಲಲ್ಲಿಟ್ಟು, ಕೌಂಟರಿನ ಆಚೆಯಿಂದಲೇ ಮಾನಿಟರ್ ನೋಡಿದಳು. ಅದು ತಿರುಗಿರುವುದೇ ಆ ಕಡೆಗೆ. ಒಂದು ನಿಮಿಷ ಮಾತಾಡಲಿಲ್ಲ. ಸೀರೆಯ ಅಂಚಿನಿಂದ ನೀರು ಇಳಿಯುತ್ತಿತ್ತು.

"ತಮ್ಮಾ, ಇದು ಅದೇ ಸಿಡಿನಾ?"

"ಅದೇ ಅಕ್ಕ. ನೀನು ತಂದದ್ದು."

ಹುಡುಗ ಆಗ ತಾನೇ ಹೊಸ ಆಟ ಶುರು ಮಾಡಿದ್ದ. ಊರಿನ ಮಧ್ಯೆ ದೊಡ್ಡ ಮನೆ, ಸುತ್ತ ಮೂವರು ಜನ, ಒಬ್ಬ ಕುದುರೆ ಸವಾರ. ಉಳಿದದ್ದೆಲ್ಲ ಕಪ್ಪು. ಅವನು ಸೈನಿಕರ ಮನೆ ಕಟ್ಟಲು ಜಾಗ ಹುಡುಕುತ್ತಿದ್ದ. ಅಕ್ಕ ಬ್ಯಾಗನ್ನು ಜೆರಾಕ್ಸ್ ಮೆಷಿನ್ ಮೇಲೆ ಇಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಸರಿ ಪುಟ್ಟ, ಆ ಕಡೆ ಜರುಗು. ಮೊದಲು ಕುರಿ ಹುಡುಕಬೇಕು."